ಜೋಳದ ಸೀಮೆಯಲ್ಲಿ ಮತಯಾಚನೆ: ಎಥೆನಾಲ್ ಮತ್ತು ಅಮೆರಿಕದ ನಾಯಕರ ಎರಡು ಮಾತು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಬೇಸಾಯ ಮತ್ತು ಸಾರ್ವಜನಿಕ ಜೀವನ ಇವೆರಡೂ ಕೂಡುವ ಒಂದು ವಿಷಯದ ಮೇಲೆ ಮಾತಾಡಬೇಕು ಎಂಬುದು ಈ ದತ್ತಿಯ ಷರತ್ತು. ನಾನು ಆರಿಸಿಕೊಂಡಿರುವ ಜಾಗ ದೂರದ್ದು: ಅಮೆರಿಕದ ಮಧ್ಯಭಾಗದ ಅಯೋವಾ ರಾಜ್ಯ. ಬೆಳೆ ಮಾತ್ರ ನಿಮಗೆ ಚೆನ್ನಾಗಿ ಗೊತ್ತಿರುವಂಥದ್ದು. ನಾವು ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಎಂದು ಊರಿಗೊಂದು ಹೆಸರಿನಿಂದ ಕರೆಯುವ ಅದೇ ಬೆಳೆ. ಆ ಜೋಳದಿಂದ ತೆಗೆಯುವ ಎಥೆನಾಲ್ ಬಗ್ಗೆ ಅಮೆರಿಕದ ಅಧ್ಯಕ್ಷ ಪದವಿಯ ಆಕಾಂಕ್ಷಿಗಳು ನಾಲ್ಕು ದಶಕಗಳಿಂದ ಏನೇನು ಹೇಳಿದ್ದಾರೆ, ಯಾವಾಗ ಮಾತು ಬದಲಿಸಿದ್ದಾರೆ, ಅದರಿಂದ ರೈತನಿಗೆ ಏನಾಯಿತು ಎಂಬುದು ಇಂದಿನ ವಿಷಯ.

ಅಯೋವಾದಲ್ಲಿ 99 ಕೌಂಟಿಗಳಿವೆ. ಜನಸಂಖ್ಯೆ ಸುಮಾರು 32 ಲಕ್ಷ. ಅಮೆರಿಕದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ, ಅತಿ ಹೆಚ್ಚು ಹಂದಿ ಸಾಕುವ, ಅತಿ ಹೆಚ್ಚು ಎಥೆನಾಲ್ ತಯಾರಿಸುವ ರಾಜ್ಯ ಅದು. ನಲವತ್ತಕ್ಕೂ ಹೆಚ್ಚು ಎಥೆನಾಲ್ ಘಟಕಗಳಿವೆ. ರಾಜ್ಯದ ಜೋಳದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಘಟಕಗಳಿಗೇ ಹೋಗುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿತು. 1972ರಿಂದ ಡೆಮಾಕ್ರಟಿಕ್ ಪಕ್ಷವೂ 1976ರಿಂದ ರಿಪಬ್ಲಿಕನ್ ಪಕ್ಷವೂ ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯನ್ನು ಅಯೋವಾದಿಂದ ಶುರುಮಾಡಿದವು. ಐವತ್ತು ರಾಜ್ಯಗಳ ಪೈಕಿ ಮೊದಲ ತೀರ್ಪು ಅಲ್ಲಿಯದು. ಡೆಮಾಕ್ರಟರು 2024ರಲ್ಲಿ ಆ ಮೊದಲ ಸ್ಥಾನವನ್ನು ಅಯೋವಾದಿಂದ ಕಿತ್ತುಕೊಂಡರು, ರಿಪಬ್ಲಿಕನ್ನರು ಉಳಿಸಿಕೊಂಡಿದ್ದಾರೆ.

ಆ ಆಯ್ಕೆ ಸಭೆಗೆ ಕಾಕಸ್ ಎನ್ನುತ್ತಾರೆ. ಜನವರಿಯ ಇಲ್ಲವೇ ಫೆಬ್ರವರಿ ಆರಂಭದ ಒಂದು ಸಂಜೆ. ಹೊರಗೆ ಹಿಮ. ಶಾಲೆಯ ವ್ಯಾಯಾಮಶಾಲೆಯಲ್ಲೋ ಚರ್ಚಿನ ನೆಲಮಾಳಿಗೆಯಲ್ಲೋ ಗ್ರಂಥಾಲಯದಲ್ಲೋ ಊರವರು ಸೇರುತ್ತಾರೆ. ಮಡಚುವ ಕುರ್ಚಿಗಳು, ಒಂದು ಮೈಕು. ಪ್ರತಿ ಅಭ್ಯರ್ಥಿಯ ಪರವಾಗಿ ಅದೇ ಊರಿನ ಒಬ್ಬ ಗಂಡಸೋ ಹೆಂಗಸೋ ಎದ್ದು ನಿಂತು ಎರಡು ಮಾತು ಆಡುತ್ತಾರೆ. ರಿಪಬ್ಲಿಕನ್ನರಾದರೆ ಚೀಟಿಯ ಮೇಲೆ ಹೆಸರು ಬರೆದು ಹಾಕುತ್ತಾರೆ. ಡೆಮಾಕ್ರಟರು 2020ರವರೆಗೂ ಕೋಣೆಯ ಬೇರೆ ಬೇರೆ ಮೂಲೆಗಳಲ್ಲಿ ಗುಂಪಾಗಿ ನಿಂತು ತಲೆ ಎಣಿಸಿಕೊಳ್ಳುತ್ತಿದ್ದರು. ಇಂಥ ಸಭೆಗೆ ಬರುವವರ ಸಂಖ್ಯೆ ಬಹಳ ಕಡಿಮೆ. 2016ರಲ್ಲಿ ರಿಪಬ್ಲಿಕನ್ ಕಾಕಸ್‌ಗೆ ದಾಖಲೆಯ ಹಾಜರಿ ಎಂದು ಹೇಳಿಕೊಂಡಾಗ ಬಂದಿದ್ದವರು ಸುಮಾರು 1 ಲಕ್ಷ 87 ಸಾವಿರ ಮಂದಿ. ನಮ್ಮ ಒಂದು ವಿಧಾನಸಭಾ ಕ್ಷೇತ್ರದ ಮತದಾರರಿಗಿಂತ ಕಡಿಮೆ. ಇಷ್ಟು ಜನರ ಮನಸ್ಸು ಗೆಲ್ಲಲು ಇಡೀ ದೇಶದ ದೊಡ್ಡ ದೊಡ್ಡ ನಾಯಕರು ವರ್ಷಗಟ್ಟಲೆ ಆ ಹಳ್ಳಿಗಳಲ್ಲಿ ತಿರುಗುತ್ತಾರೆ.

ಎಥೆನಾಲ್ ಘಟಕದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದು ಗೊತ್ತಿಲ್ಲದಿದ್ದರೆ ಮುಂದಿನ ರಾಜಕೀಯ ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಜೋಳ ಅಳೆಯುವುದು ಬುಶೆಲ್ ಲೆಕ್ಕದಲ್ಲಿ. ಒಂದು ಬುಶೆಲ್ ಅಂದರೆ ಸುಮಾರು 25.4 ಕೆ.ಜಿ. ಲಾರಿಯಿಂದ ಇಳಿದ ಜೋಳವನ್ನು ಹಿಟ್ಟುಮಾಡಿ, ನೀರು ಬೆರೆಸಿ, ಕಾಯಿಸಿ, ಕಿಣ್ವಗಳನ್ನು ಹಾಕುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಯೀಸ್ಟ್ ಹಾಕಿ ದೊಡ್ಡ ಟ್ಯಾಂಕುಗಳಲ್ಲಿ ಎರಡು ದಿನಕ್ಕೂ ಮಿಕ್ಕಿ ಹುಳಿಬರಿಸುತ್ತಾರೆ. ಬಟ್ಟಿ ಇಳಿಸಿ, ಉಳಿದ ನೀರಿನಂಶವನ್ನೂ ತೆಗೆದರೆ ಎಥೆನಾಲ್ ಸಿದ್ಧ. ಒಂದು ಬುಶೆಲ್‌ನಿಂದ ಹತ್ತಿರ ಹತ್ತಿರ ಮೂರು ಗ್ಯಾಲನ್, ಅಂದರೆ ಹತ್ತು ಹನ್ನೊಂದು ಲೀಟರ್ ಸಿಗುತ್ತದೆ. ಸ್ಥೂಲವಾಗಿ ಹೇಳಿದರೆ ಕಾಳಿನ ಮೂರನೇ ಒಂದು ಭಾಗ ಎಥೆನಾಲ್, ಮೂರನೇ ಒಂದು ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ, ಇನ್ನುಳಿದ ಮೂರನೇ ಒಂದು ಭಾಗ ಪ್ರೋಟೀನು ತುಂಬಿದ ಹಿಂಡಿಯಾಗಿ ದನ, ಹಂದಿ, ಕೋಳಿಗಳ ಬಾಯಿಗೆ. ಆಹಾರವನ್ನೆಲ್ಲ ಸುಟ್ಟುಬಿಡುತ್ತಾರೆ ಎಂದು ವಿರೋಧಿಗಳು ಹೇಳುವಾಗ ಈ ಹಿಂಡಿಯನ್ನು ಮರೆಯುತ್ತಾರೆ. ಒಂದು ಗ್ಯಾಲನ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಗ್ಯಾಲನ್ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಕಡಿಮೆ ಎಂಬುದನ್ನು ಪರವಾಗಿರುವವರು ಮರೆಯುತ್ತಾರೆ.

ಈ ಉದ್ಯಮ ಸರ್ಕಾರದ ಆಸರೆಯಿಂದ ಬೆಳೆದದ್ದು. ಅರಬ್ ದೇಶಗಳ ತೈಲ ನಿರ್ಬಂಧದ ಪೆಟ್ಟು ತಿಂದ ಮೇಲೆ, 1978ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ, ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ತೆರಿಗೆ ವಿನಾಯಿತಿ ಸಿಕ್ಕಿತು. ಎಥೆನಾಲ್ ಲೆಕ್ಕದಲ್ಲಿ ಅದು ಗ್ಯಾಲನ್ನಿಗೆ 40 ಸೆಂಟ್. ಮುಂದೆ ಬ್ರೆಜಿಲ್‌ನ ಕಬ್ಬಿನ ಎಥೆನಾಲ್ ಒಳಬರದಂತೆ ಆಮದು ಸುಂಕವೂ ಬಂತು. 2005ರ ಕಾನೂನು ಪೆಟ್ರೋಲಿನಲ್ಲಿ ಇಂತಿಷ್ಟು ಜೈವಿಕ ಇಂಧನ ಬೆರೆಸಲೇಬೇಕು ಎಂದು ಕಡ್ಡಾಯ ಮಾಡಿತು. 2007ರ ಕಾನೂನು ಆ ಪ್ರಮಾಣವನ್ನು ಬಹಳ ಹಿಗ್ಗಿಸಿ, 2022ರ ಹೊತ್ತಿಗೆ 3,600 ಕೋಟಿ ಗ್ಯಾಲನ್ ಎಂದು ಗುರಿ ಇಟ್ಟಿತು. ಅದರಲ್ಲಿ ಜೋಳದ ಎಥೆನಾಲ್‌ನ ಪಾಲಿಗೆ 1,500 ಕೋಟಿ ಗ್ಯಾಲನ್ನಿನ ಮಿತಿ ಹಾಕಿತು. 2000ದಲ್ಲಿ ಸುಮಾರು 160 ಕೋಟಿ ಗ್ಯಾಲನ್ ಇದ್ದ ಅಮೆರಿಕದ ಉತ್ಪಾದನೆ ಈಗ 1,600 ಕೋಟಿ ಗ್ಯಾಲನ್ನಿನ ಆಸುಪಾಸಿನಲ್ಲಿದೆ. ಎಂದರೆ, ಒಬ್ಬ ರೈತನ ಜೋಳದ ಬೆಲೆ ಮಳೆಯಷ್ಟೇ ವಾಷಿಂಗ್ಟನ್‌ನ ಒಂದು ಸಂಖ್ಯೆಯನ್ನೂ ನಂಬಿಕೊಂಡಿದೆ. ಆ ಸಂಖ್ಯೆ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಅಷ್ಟು ತೂಕ.

ಈಗ ಮಾತು ಬದಲಿಸಿದವರ ಕಡೆಗೆ ಬರೋಣ.

ಬಿಲ್ ಬ್ರಾಡ್ಲಿ ನ್ಯೂಜೆರ್ಸಿಯ ಸೆನೆಟರ್ ಆಗಿದ್ದವರು. ಜೋಳ ಬೆಳೆಯುವ ಸೀಮೆಯಲ್ಲ ಅದು. ಸೆನೆಟ್‌ನಲ್ಲಿದ್ದಷ್ಟು ಕಾಲ ಎಥೆನಾಲ್ ಸಬ್ಸಿಡಿಯನ್ನು ವಿರೋಧಿಸಿದರು. 1999ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಅಯೋವಾಕ್ಕೆ ಬಂದಾಗ ಬೆಂಬಲಿಗರಾದರು. ಅವರ ಎದುರಾಳಿ ಉಪಾಧ್ಯಕ್ಷ ಅಲ್ ಗೋರ್. ಗೋರ್ ಅವರದು ಇನ್ನೂ ದೊಡ್ಡ ಕಥೆ. 1994ರ ಆಗಸ್ಟ್‌ನಲ್ಲಿ, ಪೆಟ್ರೋಲಿಗೆ ಸೇರಿಸುವ ಆಮ್ಲಜನಕಯುಕ್ತ ವಸ್ತುಗಳಲ್ಲಿ ಒಂದು ಪಾಲು ಎಥೆನಾಲ್‌ನಂಥ ನವೀಕರಿಸಬಹುದಾದ ಮೂಲದಿಂದಲೇ ಬರಬೇಕೆಂಬ ಪರಿಸರ ಇಲಾಖೆಯ ನಿಯಮ ಸೆನೆಟ್‌ನಲ್ಲಿ ಚರ್ಚೆಗೆ ಬಂತು. ಮತಗಳು ಐವತ್ತು ಐವತ್ತಾಗಿ ನಿಂತವು. ಉಪಾಧ್ಯಕ್ಷರು ಸೆನೆಟ್‌ನ ಸಭಾಪತಿಯೂ ಹೌದು. ಸಮ ಬಂದಾಗ ಅವರ ಮತವೇ ನಿರ್ಣಾಯಕ. ಗೋರ್ ಎಥೆನಾಲ್ ಪರ ಮತ ಹಾಕಿದರು. ಮರುವರ್ಷ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು, ಅದು ಬೇರೆ ಮಾತು. 2000ದ ಅಯೋವಾ ಕಾಕಸ್‌ನಲ್ಲಿ ಗೋರ್ ಬ್ರಾಡ್ಲಿಯವರನ್ನು ಭಾರಿ ಅಂತರದಿಂದ ಸೋಲಿಸಿದರು.

ಹತ್ತು ವರ್ಷ ಕಳೆದು, 2010ರ ನವೆಂಬರ್‌ನಲ್ಲಿ, ಗ್ರೀಸ್‌ನ ಅಥೆನ್ಸ್‌ನಲ್ಲಿ ನಡೆದ ಸಭೆಯೊಂದರಲ್ಲಿ ಗೋರ್ ಒಂದು ಮಾತು ಹೇಳಿದರು. ಮೊದಲ ತಲೆಮಾರಿನ ಎಥೆನಾಲ್‌ಗೆ ಕೊಟ್ಟ ಸಬ್ಸಿಡಿ ಒಳ್ಳೆಯ ನೀತಿಯಾಗಿರಲಿಲ್ಲ. ತಾನು ಆ ತಪ್ಪು ಮಾಡಲು ತವರು ರಾಜ್ಯ ಟೆನೆಸ್ಸಿಯ ರೈತರ ಮೇಲಿನ ಗಮನ ಒಂದು ಕಾರಣ, ಅಧ್ಯಕ್ಷ ಪದವಿಗೆ ನಿಲ್ಲುವ ಯೋಚನೆಯಿದ್ದುದರಿಂದ ಅಯೋವಾದ ರೈತರ ಮೇಲೆ ಹುಟ್ಟಿದ ಅಕ್ಕರೆ ಇನ್ನೊಂದು ಕಾರಣ ಎಂದು ಒಪ್ಪಿಕೊಂಡರು. ಹೀಗೆ ಬಾಯಿಬಿಟ್ಟು ಹೇಳಿದ ದೊಡ್ಡ ನಾಯಕರು ಬಹಳ ಕಡಿಮೆ. ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಹೇಳಿದ್ದು ಎಲ್ಲಿ, ಯಾವಾಗ? ಚುನಾವಣೆಗಳೆಲ್ಲ ಮುಗಿದ ಮೇಲೆ, ಅಯೋವಾದಿಂದ ಸಾವಿರಾರು ಮೈಲಿ ಆಚೆ, ಹೂಡಿಕೆದಾರರ ಮುಂದೆ. ಆ ಮಾತನ್ನು ಮೊದಲು ಕೇಳುವ ಹಕ್ಕು 1999ರ ಚಳಿಗಾಲದಲ್ಲಿ ಅವರ ಸಭೆಗಳಿಗೆ ಬಂದು ಕೂತ ರೈತರದಾಗಿತ್ತು.

ಜಾನ್ ಮೆಕೇನ್ ಅವರ ದಾರಿ ಇನ್ನೊಂದು ಬಗೆಯದು. ಅರಿಝೋನಾದ ಈ ಸೆನೆಟರ್ 2000ದಲ್ಲಿ ಎಥೆನಾಲ್ ಸಬ್ಸಿಡಿಯನ್ನು ನೇರವಾಗಿ ವಿರೋಧಿಸಿದರು. ಅಯೋವಾದಲ್ಲಿ ಪ್ರಚಾರಕ್ಕೇ ಇಳಿಯದೆ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಅಲ್ಲಿ ಜಾರ್ಜ್ ಬುಷ್ ಅವರನ್ನು ಸೋಲಿಸಿದರು. 2003ರಲ್ಲೂ ಎಥೆನಾಲ್‌ನಿಂದ ತೈಲ ಬಳಕೆ ತಗ್ಗುವುದಿಲ್ಲ, ದೇಶದ ಸ್ವಾವಲಂಬನೆ ಹೆಚ್ಚುವುದಿಲ್ಲ, ಗಾಳಿ ಶುದ್ಧವಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. 2006ರ ಆಗಸ್ಟ್‌ನಲ್ಲಿ, ಮತ್ತೊಮ್ಮೆ ಸ್ಪರ್ಧಿಸುವ ಸಿದ್ಧತೆಯಲ್ಲಿದ್ದಾಗ, ಅಯೋವಾದ ಗ್ರಿನೆಲ್ ಪಟ್ಟಣದಲ್ಲಿ ಎಥೆನಾಲನ್ನು ಅತ್ಯಗತ್ಯ ಪರ್ಯಾಯ ಇಂಧನ ಎಂದು ಹೊಗಳಿದರು. ತೈಲದ ಬೆಲೆ ಏರಿದೆ, ಹಾಗಾಗಿ ಲೆಕ್ಕ ಬದಲಾಗಿದೆ ಎಂಬುದು ಅವರ ಸಮಜಾಯಿಷಿ. ಆ ಕಾರಣದಲ್ಲಿ ಸತ್ಯಾಂಶ ಇತ್ತು. ಆದರೆ ಮತದಾರರಿಗೆ ಕಂಡದ್ದು ಕಾರಣವಲ್ಲ, ಜಾಗ. 2008ರ ಕಾಕಸ್‌ನಲ್ಲಿ ಮೆಕೇನ್ ನಾಲ್ಕನೆಯವರಾಗಿ ಉಳಿದರು. ಆಮೇಲೆ ಪಕ್ಷದ ಅಭ್ಯರ್ಥಿಯಾಗಿ ದೇಶದ ಮುಂದೆ ನಿಂತಾಗ ಮತ್ತೆ ಸಬ್ಸಿಡಿ ವಿರೋಧಕ್ಕೆ ಮರಳಿದರು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ವೆರಾಸನ್ ಎಂಬ ದೊಡ್ಡ ಎಥೆನಾಲ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಅನೇಕ ಘಟಕಗಳನ್ನು ಮರುವರ್ಷ ಕೊಂಡದ್ದು ವಲೇರೊ ಎಂಬ ತೈಲ ಸಂಸ್ಕರಣಾ ಕಂಪನಿ. ತೈಲ ಕಂಪನಿಗೂ ಎಥೆನಾಲ್ ರೈತನಿಗೂ ಹೋರಾಟ ಎಂದು ಪ್ರಚಾರದ ವೇದಿಕೆಗಳು ಹೇಳುತ್ತಿದ್ದ ಕಥೆ ನೆಲದ ಮೇಲೆ ಅಷ್ಟು ಸರಳವಾಗಿರಲಿಲ್ಲ.

ಹಿಲರಿ ಕ್ಲಿಂಟನ್ ನ್ಯೂಯಾರ್ಕ್‌ನ ಸೆನೆಟರ್ ಆಗಿದ್ದಾಗ ಎಥೆನಾಲ್ ಕಡ್ಡಾಯ ಮಾಡುವುದು ತಮ್ಮ ರಾಜ್ಯದ ವಾಹನ ಸವಾರರ ಮೇಲೆ ಹೊರೆ ಎಂದು ವಾದಿಸಿ ವಿರುದ್ಧ ಮತ ಹಾಕಿದ್ದರು. 2007ರಲ್ಲಿ ಅಯೋವಾದ ವೇದಿಕೆಗಳಲ್ಲಿ ಜೈವಿಕ ಇಂಧನದ ದೊಡ್ಡ ಬೆಂಬಲಿಗರಾಗಿ ಕಾಣಿಸಿಕೊಂಡರು. ಕಾಕಸ್‌ನಲ್ಲಿ ಮೂರನೆಯ ಸ್ಥಾನ ಸಿಕ್ಕಿತು. ಗೆದ್ದ ಬರಾಕ್ ಒಬಾಮಾ ಇಲಿನಾಯ್ ರಾಜ್ಯದವರು. ಅದೂ ಜೋಳದ ಸೀಮೆಯೇ. ಅವರು ಮೊದಲಿನಿಂದಲೂ ಎಥೆನಾಲ್ ಪರ ಇದ್ದವರಾದ್ದರಿಂದ ಬದಲಾಯಿಸಬೇಕಾದ್ದೇನೂ ಇರಲಿಲ್ಲ. ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್ 2006ರಲ್ಲಿ ತಮ್ಮ ರಾಜ್ಯದ ಗವರ್ನರ್ ಹುದ್ದೆಗೆ ಪ್ರಯತ್ನಿಸಿದಾಗ ಎಥೆನಾಲ್ ಕಡ್ಡಾಯಕ್ಕೆ ವಿರುದ್ಧವಾಗಿದ್ದರು. 2015ರ ಮಾರ್ಚ್‌ನಲ್ಲಿ ಅಯೋವಾದ ಡೆ ಮೊಯಿನ್ ನಗರದ ಕೃಷಿ ಸಮಾವೇಶದಲ್ಲಿ, ಸದ್ಯಕ್ಕೆ ಅದನ್ನು ಮುಂದುವರಿಸುವೆ ಎಂದರು. ಹೀಗೆ ಹೆಸರುಗಳನ್ನು ಪೋಣಿಸುತ್ತ ಹೋಗಬಹುದು. ಎರಡೂ ಪಕ್ಷದವರು ಈ ಸಾಲಿನಲ್ಲಿದ್ದಾರೆ.

ನಾನು ಇಷ್ಟು ಹೇಳಿದ್ದನ್ನು ಕೇಳಿ, ಅಯೋವಾದ ರೈತ ಎಥೆನಾಲ್ ವಿರೋಧಿಗೆ ಮತ ಹಾಕುವುದೇ ಇಲ್ಲ, ಪಾಪ ನಾಯಕರೇನು ಮಾಡಿಯಾರು ಎಂದು ನಿಮಗನ್ನಿಸಬಹುದು. ನನ್ನ ಇಂದಿನ ಮುಖ್ಯ ಮಾತು ಇಲ್ಲೇ ಇದೆ. ದಾಖಲೆ ಹಾಗೆ ಹೇಳುವುದಿಲ್ಲ.

1980ರ ಜನವರಿ 4ರಂದು, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಉತ್ತರವಾಗಿ, ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರಾಟವನ್ನು ನಿರ್ಬಂಧಿಸಿದರು. ಅಯೋವಾ ರೈತನ ಹೊಟ್ಟೆಯ ಮೇಲೆ ಬಿದ್ದ ಹೊಡೆತ ಅದು. ಕಾಕಸ್ ಇದ್ದದ್ದು ಅದೇ ತಿಂಗಳ 21ರಂದು. ಎದುರಾಳಿ ಎಡ್ವರ್ಡ್ ಕೆನಡಿ ನಿರ್ಬಂಧವನ್ನು ಟೀಕಿಸುತ್ತ ತಿರುಗಿದರು. ಮತಗಳನ್ನು ಎಣಿಸಿದಾಗ ಕಾರ್ಟರ್ ಕೆನಡಿಯವರ ಹೆಚ್ಚುಕಡಿಮೆ ಎರಡರಷ್ಟು ಬೆಂಬಲ ಪಡೆದಿದ್ದರು. ದೇಶ ಆಪತ್ತಿನಲ್ಲಿದೆ, ಅಧ್ಯಕ್ಷರ ಜೊತೆ ನಿಲ್ಲಬೇಕು ಎಂದುಕೊಂಡವರಲ್ಲಿ ಜೋಳ ಬೆಳೆಯುವವರೂ ಇದ್ದರು.

2011ಕ್ಕೆ ಬನ್ನಿ. ಮಿನೆಸೋಟದ ಮಾಜಿ ಗವರ್ನರ್ ಟಿಮ್ ಪಾಲೆಂಟಿ ಮೇ ತಿಂಗಳಲ್ಲಿ ತಮ್ಮ ಉಮೇದುವಾರಿಕೆ ಘೋಷಿಸಲು ಡೆ ಮೊಯಿನ್‌ಗೇ ಬಂದು, ಎಥೆನಾಲ್ ಸಬ್ಸಿಡಿಯನ್ನು ಹಂತಹಂತವಾಗಿ ನಿಲ್ಲಿಸಬೇಕು ಎಂದು ಅಲ್ಲಿಯೇ ಹೇಳಿದರು. ಜೂನ್ 16ರಂದು ಸೆನೆಟ್ 73ಕ್ಕೆ 27 ಮತಗಳಿಂದ ಸಬ್ಸಿಡಿ ನಿಲ್ಲಿಸುವ ಪ್ರಸ್ತಾವಕ್ಕೆ ಒಪ್ಪಿತು. ಆಗ ಅದು ಗ್ಯಾಲನ್ನಿಗೆ 45 ಸೆಂಟ್. ಕೊನೆಗೆ ಡಿಸೆಂಬರ್ 31ರ ರಾತ್ರಿ ಸಬ್ಸಿಡಿಯೂ ಆಮದು ಸುಂಕವೂ ಅವಧಿ ಮುಗಿದು ನಿಂತವು. ಮೂರು ದಶಕ ಎಲ್ಲರೂ ಮುಟ್ಟಲು ಹೆದರುತ್ತಿದ್ದ ಸವಲತ್ತು ಹೋಯಿತು. ಮೂರೇ ದಿನಕ್ಕೆ, 2012ರ ಜನವರಿ 3ರಂದು, ಕಾಕಸ್! ಸಬ್ಸಿಡಿಯ ಬಗ್ಗೆ ರೈತರು ದಂಗೆ ಏಳಲಿಲ್ಲ. ಎಲ್ಲ ಬಗೆಯ ಸಬ್ಸಿಡಿಗೂ ಕಡುವಿರೋಧಿಯಾಗಿದ್ದ ರಾನ್ ಪಾಲ್ ಅವರಿಗೆ ನೂರಕ್ಕೆ ಇಪ್ಪತ್ತೊಂದರಷ್ಟು ಮತ ಬಂತು. ಪಾಲೆಂಟಿ ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿ ಅಯೋವಾದ ಏಮ್ಸ್ ಪಟ್ಟಣದಲ್ಲಿ ನಡೆದ ಅಣಕು ಮತದಾನದಲ್ಲಿ ಮೂರನೆಯವರಾಗಿ, ಕಣದಿಂದ ಹಿಂದೆ ಸರಿದಿದ್ದರು. ಅಲ್ಲಿ ಅವರನ್ನು ಹಿಂದಿಕ್ಕಿದ ಇಬ್ಬರಲ್ಲಿ ಒಬ್ಬರು ಇದೇ ರಾನ್ ಪಾಲ್. ಎಥೆನಾಲ್ ಘಟಕಗಳೂ ಮುಚ್ಚಿಹೋಗಲಿಲ್ಲ, ಏಕೆಂದರೆ ಬೆರೆಸುವ ಕಡ್ಡಾಯ ಕಾನೂನು ಹಾಗೆಯೇ ಇತ್ತು. ಇದು ರೈತರಿಗೂ ಗೊತ್ತಿತ್ತು. ತಮ್ಮ ಆದಾಯ ಯಾವ ಕಂಬದ ಮೇಲೆ ನಿಂತಿದೆ ಎಂಬ ಲೆಕ್ಕ ಅವರಿಗೆ ನಾಯಕರಿಗಿಂತ ಚೆನ್ನಾಗಿ ಬರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2016ರದು. ಟೆಕ್ಸಸ್‌ನ ಸೆನೆಟರ್ ಟೆಡ್ ಕ್ರೂಝ್ ಆ ಕಡ್ಡಾಯ ಕಾನೂನನ್ನೇ ಐದು ವರ್ಷದಲ್ಲಿ ತೆಗೆದುಹಾಕುವ ಮಸೂದೆಗೆ ಕೈಹಾಕಿದ್ದವರು. ನಾನು ಆಗಲೇ ಹೇಳಿದ ಡೆ ಮೊಯಿನ್ ಕೃಷಿ ಸಮಾವೇಶಕ್ಕೆ ಅವರೂ ಬಂದಿದ್ದರು. ಸಮಾವೇಶವನ್ನು ಏರ್ಪಡಿಸಿದ್ದು ಬ್ರೂಸ್ ರಾಸ್ಟೆಟರ್, ಎಥೆನಾಲ್ ಮತ್ತು ಹಂದಿ ಸಾಕಣೆಯಿಂದ ಶ್ರೀಮಂತರಾದವರು. ವೇದಿಕೆಯ ಮೇಲೆ ಅವರೇ ಪ್ರಶ್ನೆ ಕೇಳುವವರು. ಅವರ ಎದುರು ಕೂತು ಕ್ರೂಝ್, ಸರ್ಕಾರ ಗೆಲ್ಲುವವರನ್ನೂ ಸೋಲುವವರನ್ನೂ ಆರಿಸಬಾರದು, ಕಡ್ಡಾಯ ಬೇಡ ಎಂದರು. ಎಥೆನಾಲ್ ಪರ ಸಂಘಟನೆಯೊಂದು ಅವರ ಪ್ರಚಾರದ ಬಸ್ಸಿನ ಹಿಂದೆಯೇ ವಾಹನ ಓಡಿಸಿಕೊಂಡು ಊರೂರು ತಿರುಗಿತು. 2016ರ ಜನವರಿ 19ರಂದು ಆಲ್ಟೂನಾದಲ್ಲಿ ನಡೆದ ಜೈವಿಕ ಇಂಧನ ಸಮ್ಮೇಳನದ ದಿನ ರಾಜ್ಯದ ಗವರ್ನರ್ ಟೆರಿ ಬ್ರಾನ್‌ಸ್ಟಡ್, ಕ್ರೂಝ್ ಅವರದೇ ಪಕ್ಷದವರು, ಇವರನ್ನು ಸೋಲಿಸಿ ಎಂದು ಬಹಿರಂಗವಾಗಿ ಹೇಳಿದರು. ಅದೇ ದಿನಗಳಲ್ಲಿ ಡೊನಾಲ್ಡ್ ಟ್ರಂಪ್ ಎಥೆನಾಲ್‌ಗೆ ಪೂರ್ಣ ಬೆಂಬಲ ಸಾರಿದರು. ಫೆಬ್ರವರಿ 1ರ ರಾತ್ರಿ ಫಲಿತಾಂಶ ಬಂತು: ಕ್ರೂಝ್ ಶೇ. 27.6, ಟ್ರಂಪ್ ಶೇ. 24.3. ಎಥೆನಾಲ್ ವಿರೋಧಿ ಗೆದ್ದರು.

ಕ್ರೂಝ್ ಅವರನ್ನು ನಾನು ಸತ್ಯಸಂಧತೆಯ ಮಾದರಿಯಾಗಿ ನಿಲ್ಲಿಸುತ್ತಿಲ್ಲ. ಕೊನೆಯ ವಾರಗಳಲ್ಲಿ ಅವರೂ ಸ್ವಲ್ಪ ಬಾಗಿದರು. ಕಾನೂನನ್ನು ತಕ್ಷಣ ತೆಗೆಯುವುದಿಲ್ಲ, 2022ರ ತನಕ ನಿಧಾನವಾಗಿ ಇಳಿಸುತ್ತೇನೆ ಎಂದರು. ಗೆಲುವಿಗೆ ಧಾರ್ಮಿಕ ಮತದಾರರ ಬಲವಾದ ಬೆಂಬಲ ಮುಖ್ಯ ಕಾರಣ. ಆದರೆ ಅದೇ ನನ್ನ ವಾದವನ್ನು ಬಲಪಡಿಸುತ್ತದೆ. ಅಯೋವಾದ ರೈತ ಜೋಳದ ಮೂಟೆ ಹೊತ್ತ ಮತಪತ್ರವಲ್ಲ. ಅವನಿಗೆ ಧರ್ಮವಿದೆ, ಸೈನ್ಯದಲ್ಲಿ ಮಗನಿದ್ದಾನೆ, ಆಸ್ಪತ್ರೆಯ ಬಿಲ್ಲಿನ ಚಿಂತೆಯಿದೆ, ಊರಿನ ಶಾಲೆ ಮುಚ್ಚುವ ಆತಂಕವಿದೆ. ಎಥೆನಾಲ್ ಅಂದರೆ ಸಾಕು, ಇವನು ನಮ್ಮವನಾಗುತ್ತಾನೆ ಎಂದು ನಂಬಿದ ನಾಯಕರು ಅವನನ್ನು ಪೂರ್ತಿ ಮನುಷ್ಯನಾಗಿ ನೋಡಲೇ ಇಲ್ಲ. ಬ್ರಾಡ್ಲಿ ಮಾತು ಬದಲಿಸಿ ಸೋತರು. ಮೆಕೇನ್ ಬದಲಿಸಿ ಸೋತರು. ಕ್ಲಿಂಟನ್ ಬದಲಿಸಿ ಮೂರನೆಯವರಾದರು. ಫ್ಲಾರಿಡಾದ ರಾನ್ ಡಿಸ್ಯಾಂಟಿಸ್ ಸಂಸದರಾಗಿದ್ದಾಗ 2017ರಲ್ಲಿ ಕಡ್ಡಾಯ ರದ್ದತಿಯ ಮಸೂದೆಗೆ ಸಹಿ ಹಾಕಿದ್ದರು. 2023ರಲ್ಲಿ ಅಯೋವಾದ 99 ಕೌಂಟಿಗಳನ್ನೂ ಸುತ್ತಿ ಎಥೆನಾಲ್ ಪರ ಮಾತಾಡಿದರು. 2024ರ ಜನವರಿ 15ರಂದು ಟ್ರಂಪ್ ಅವರಿಗೆ ಶೇ. 51, ಇವರಿಗೆ ಶೇ. 21. ಇಷ್ಟು ಜನ ಬೆಲೆ ತೆತ್ತು ಕೊಂಡ ನಿಲುವು ಅವರಿಗೆ ಗೆಲುವು ತಂದುಕೊಡಲಿಲ್ಲ.

ಹಾಗಾದರೆ ಹೆದರಿಕೆ ಎಲ್ಲಿಂದ ಬಂತು? ಹೆದರಿಸುವವರು ಸಂಘಟಿತರಾಗಿದ್ದಾರೆ. ಘಟಕದ ಮಾಲೀಕರು, ಬೀಜ ಮತ್ತು ಗೊಬ್ಬರದ ಕಂಪನಿಗಳು, ಭೂಮಾಲೀಕರು ಎಲ್ಲರಿಗೂ ಈ ನೀತಿಯಲ್ಲಿ ಪಾಲಿದೆ. ಬೆಳೆಯುವವನ ಪಾಲು ಎಷ್ಟು ಎಂದು ನೋಡಿ. ಅಯೋವಾದ ಕೃಷಿಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಗೆ ಕೊಟ್ಟಿರುವಂಥದ್ದು. 2005ರಲ್ಲಿ ಬುಶೆಲ್‌ಗೆ 2 ಡಾಲರ್ ಆಸುಪಾಸಿದ್ದ ಜೋಳ 2012ರ ಬರದಲ್ಲಿ 8 ಡಾಲರ್ ದಾಟಿತು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆಯ ಪ್ರಕಾರ, 2005ರಲ್ಲಿ ಎಕರೆಗೆ 3 ಸಾವಿರ ಡಾಲರ್ ಒಳಗಿದ್ದ ಭೂಮಿಯ ಸರಾಸರಿ ಬೆಲೆ 2013ರಲ್ಲಿ 8,716 ಡಾಲರ್ ಆಯಿತು. ಜೋಳದ ಬೆಲೆ ಮತ್ತೆ ಇಳಿಯಿತು. ಭೂಮಿಯ ಬೆಲೆ, ಗೇಣಿ, ಯಂತ್ರಗಳ ಸಾಲ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಹೊಸದಾಗಿ ಬೇಸಾಯಕ್ಕೆ ಇಳಿಯುವ ಯುವಕನಿಗೆ ಎಥೆನಾಲ್ ಎಷ್ಟು ಕೊಟ್ಟಿತು, ಎಷ್ಟು ಕಿತ್ತುಕೊಂಡಿತು ಎಂಬ ಪ್ರಶ್ನೆಯನ್ನು ಯಾವ ಅಭ್ಯರ್ಥಿಯೂ ಆ ವೇದಿಕೆಗಳಲ್ಲಿ ಎತ್ತಲಿಲ್ಲ. ಎತ್ತಬೇಕಿತ್ತು.

ಕುಡಿಯುವ ನೀರಿನ ಮಾತನ್ನೂ ಎತ್ತಲಿಲ್ಲ. ಡೆ ಮೊಯಿನ್ ನಗರಕ್ಕೆ ನೀರು ಬರುವುದು ರಕೂನ್ ಮತ್ತು ಡೆ ಮೊಯಿನ್ ನದಿಗಳಿಂದ. ಹೊಲಗಳ ಅಡಿಯಲ್ಲಿ ಹೂತ ಬಸಿಗಾಲುವೆ ಕೊಳವೆಗಳ ಮೂಲಕ ಗೊಬ್ಬರದ ನೈಟ್ರೇಟ್ ಆ ನದಿಗಳಿಗೆ ಇಳಿಯುತ್ತದೆ. ನಗರದ ನೀರು ಸರಬರಾಜು ಸಂಸ್ಥೆ 2015ರಲ್ಲಿ ಮೇಲ್ಭಾಗದ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ ಆಯಿತು. 2025ರ ಬೇಸಿಗೆಯಲ್ಲಿ ನೈಟ್ರೇಟ್ ಎಷ್ಟು ಏರಿತೆಂದರೆ, ಆ ಪ್ರದೇಶದ ಮನೆಗಳವರು ಹುಲ್ಲುಹಾಸಿಗೆ ನೀರು ಹಾಯಿಸುವುದನ್ನೇ ನಿಷೇಧಿಸಬೇಕಾಯಿತು, ಶುದ್ಧೀಕರಣ ಘಟಕಕ್ಕೆ ನಿಭಾಯಿಸಲು ಆಗಲಿಲ್ಲ. ಇದಕ್ಕೆಲ್ಲ ಎಥೆನಾಲ್ ಒಂದೇ ಕಾರಣವಲ್ಲ. ವರ್ಷ ವರ್ಷವೂ ಹೊಲದ ತುಂಬ ಜೋಳವನ್ನೇ ಬಿತ್ತಲು ಅದು ಕೊಡುವ ಒತ್ತಾಸೆ ಒಂದು ಕಾರಣ ಖಂಡಿತ. ಹವಾಮಾನದ ಲೆಕ್ಕದಲ್ಲೂ ವಿವಾದವಿದೆ. ಪೆಟ್ರೋಲ್‌ಗಿಂತ ಶೇ. 39ರಷ್ಟು ಕಡಿಮೆ ಮಾಲಿನ್ಯ ಎಂದು ಅಮೆರಿಕದ ಕೃಷಿ ಇಲಾಖೆಯವರ 2019ರ ಅಧ್ಯಯನ ಹೇಳಿತು. ಹೊಸ ನೆಲವನ್ನು ಉತ್ತಿದ್ದರಿಂದಾದ ಹಾನಿಯನ್ನು ಸೇರಿಸಿದರೆ ಪೆಟ್ರೋಲ್‌ಗಿಂತ ಕಡಿಮೆಯೇನಲ್ಲ, ಹೆಚ್ಚೇ ಇರಬಹುದು ಎಂದು 2022ರ ಇನ್ನೊಂದು ಅಧ್ಯಯನ ಹೇಳಿತು. ಇಂಥ ವಿಷಯವನ್ನು ಬಿಚ್ಚಿಟ್ಟು ಚರ್ಚಿಸಲು ನಾಲ್ಕು ವರ್ಷಕ್ಕೊಮ್ಮೆ ದೇಶದ ಕಣ್ಣೆಲ್ಲ ತಿರುಗುವ ಅಯೋವಾಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು? ಬಹುತೇಕ ಎಲ್ಲರೂ ಹೌದು ಹೌದು ಎಂದದ್ದರಿಂದ ಆ ಚರ್ಚೆ ನಡೆಯಲೇ ಇಲ್ಲ. ರೈತನಿಗೆ ಆದ ದೊಡ್ಡ ನಷ್ಟ ಇದು ಎಂದು ನಾನು ತಿಳಿದಿದ್ದೇನೆ. ಮುಂದೆ ವಿದ್ಯುತ್ ಕಾರುಗಳು ಹೆಚ್ಚಿ ಪೆಟ್ರೋಲ್ ಬಳಕೆಯೇ ಇಳಿದರೆ ಈ ಜೋಳ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಿಕ್ಕ ಇಪ್ಪತ್ತು ವರ್ಷ ಹೊಗಳಿಕೆಯಲ್ಲಿ ಕಳೆದುಹೋಯಿತು.

ಗೆದ್ದ ಮೇಲೂ ಮಾತು ಬದಲಾಗುತ್ತದೆ. 2019ರ ಜೂನ್‌ನಲ್ಲಿ ಅಧ್ಯಕ್ಷ ಟ್ರಂಪ್ ಅಯೋವಾದ ಕೌನ್ಸಿಲ್ ಬ್ಲಫ್ಸ್‌ಗೆ ಬಂದು, ಶೇ. 15ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ವರ್ಷವಿಡೀ ಮಾರಲು ಅನುಮತಿ ಕೊಟ್ಟೆ ಎಂದು ಚಪ್ಪಾಳೆ ಗಿಟ್ಟಿಸಿದರು. ಆಗಸ್ಟ್‌ನಲ್ಲಿ ಅವರದೇ ಸರ್ಕಾರ 31 ಸಣ್ಣ ತೈಲ ಸಂಸ್ಕರಣಾಗಾರಗಳಿಗೆ ಎಥೆನಾಲ್ ಬೆರೆಸುವ ಕಡ್ಡಾಯದಿಂದ ವಿನಾಯಿತಿ ಕೊಟ್ಟಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹಿಂದೆ ಪಡೆದಂತಾಯಿತೆಂದು ಜೋಳದ ಬೆಳೆಗಾರರ ಸಂಘಗಳು ಕಿಡಿಕಾರಿದವು. ಶೇ. 15ರ ಅನುಮತಿಯನ್ನು 2021ರಲ್ಲಿ ನ್ಯಾಯಾಲಯ ರದ್ದುಮಾಡಿತು. 2022ರ ಏಪ್ರಿಲ್‌ನಲ್ಲಿ ಜೋ ಬೈಡನ್ ಅಯೋವಾದ ಮೆನ್ಲೊಕ್ಕೆ ಬಂದು, ಎಥೆನಾಲ್ ಘಟಕವೊಂದರಲ್ಲಿ ನಿಂತು, ಬೇಸಿಗೆಯ ಮಟ್ಟಿಗೆ ತುರ್ತು ಅನುಮತಿ ಘೋಷಿಸಿದರು. ಮೂವತ್ತು ವರ್ಷದ ಸಾಲ ಮಾಡಿ ಭೂಮಿ ಕೊಂಡ ರೈತನ ಭವಿಷ್ಯ ಹೀಗೆ ಬೇಸಿಗೆಯಿಂದ ಬೇಸಿಗೆಗೆ ಮುಂದೂಡಲ್ಪಡುತ್ತಿದೆ.

ನಿಲುವು ಬದಲಿಸುವುದು ಪಾಪವಲ್ಲ. ತೈಲದ ಬೆಲೆ ಬದಲಾದಾಗ, ಹೊಸ ಅಧ್ಯಯನ ಬಂದಾಗ ಬದಲಿಸದವನೇ ಹಟಮಾರಿ. ಆದರೆ ಪ್ರಾಮಾಣಿಕ ಬದಲಾವಣೆಗೆ ಒಂದು ಗುರುತಿದೆ: ಅದು ಮತ ಕಳೆಯುವ ಜಾಗದಲ್ಲೂ ಹೇಳುವಂಥದ್ದಾಗಿರುತ್ತದೆ. ನ್ಯೂಯಾರ್ಕ್‌ನಲ್ಲಿ ಹೊರೆಯಾದದ್ದು ಅಯೋವಾದಲ್ಲಿ ವರವಾದರೆ, ಬದಲಾದದ್ದು ಅಭಿಪ್ರಾಯವಲ್ಲ, ಸಭಿಕರು. ಈ ಅಳತೆಗೋಲಿನಲ್ಲಿ ಪಾಲೆಂಟಿ ಗೌರವಕ್ಕೆ ಪಾತ್ರರು. ಹೇಳಬೇಕಾದ್ದನ್ನು ಹೇಳಬೇಕಾದವರ ಎದುರಿಗೇ ಹೇಳಿದರು.

ಇದನ್ನೆಲ್ಲ ನಾನು ಈ ಊರಿನಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ದಾವಣಗೆರೆ, ಹಾವೇರಿ, ಚಿತ್ರದುರ್ಗದ ಮೆಕ್ಕೆಜೋಳವೂ ಬೆಳಗಾವಿ, ಬಾಗಲಕೋಟೆಯ ಕಬ್ಬೂ ಈಗ ಇದೇ ದಾರಿಯಲ್ಲಿವೆ. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಎಂಬ ಗುರಿಯನ್ನು ನಮ್ಮ ದೇಶ 2030ರಿಂದ ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿತು. ನಡುವೆ, 2023ರ ಡಿಸೆಂಬರ್ 7ರಂದು, ಕಬ್ಬಿನ ರಸದಿಂದ ಎಥೆನಾಲ್ ಮಾಡಬಾರದು ಎಂದು ಕೇಂದ್ರ ಸರ್ಕಾರ ದಿಢೀರನೆ ಆದೇಶಿಸಿತು. ಸುಮಾರು ಒಂದು ವಾರದ ಬಳಿಕ ಸ್ವಲ್ಪ ಸಡಿಲಿಸಿತು. 2024ರ ಆಗಸ್ಟ್‌ನಲ್ಲಿ ತೆರವು ಮಾಡಿತು. ಕಾರ್ಖಾನೆಗಳಿಗೆ ಕಬ್ಬು ಸಿಗದಾಗ ಮೆಕ್ಕೆಜೋಳಕ್ಕೆ ಬೇಡಿಕೆ ಬಂತು, ರೈತರು ಹೆಚ್ಚು ಬಿತ್ತಿದರು. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಎಥೆನಾಲ್ ಹಂಚಿಕೆಯ ವಿಚಾರದಲ್ಲಿ ರಾಜ್ಯ ಕೇಂದ್ರದತ್ತ ಬೆರಳು ತೋರಿತು, ಕೇಂದ್ರ ರಾಜ್ಯದತ್ತ. ರೈತ ರಸ್ತೆಯಲ್ಲಿ ಜೋಳದ ರಾಶಿಯ ಪಕ್ಕ ಕೂತಿದ್ದ.

ಅಯೋವಾದಲ್ಲಿ ಯಾರು ಯಾವ ವರ್ಷ ಎಲ್ಲಿ ಏನು ಹೇಳಿದರು ಎಂಬುದನ್ನು ನಾನು ನಿಮ್ಮ ಮುಂದೆ ಹೇಳಲು ಸಾಧ್ಯವಾದದ್ದು ಅಲ್ಲಿಯ ಪತ್ರಿಕೆಗಳು ಬರೆದಿಟ್ಟದ್ದರಿಂದ, ಸೆನೆಟ್‌ನ ಒಂದೊಂದು ಮತವೂ ಹೆಸರು ಸಮೇತ ದಾಖಲಾಗಿರುವುದರಿಂದ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ, ರೈತ ಸಂಘಗಳಲ್ಲಿ ನನ್ನ ವಿನಂತಿ: ಕಬ್ಬು, ಮೆಕ್ಕೆಜೋಳ, ಎಥೆನಾಲ್ ಬಗ್ಗೆ ನಮ್ಮ ಶಾಸಕರು, ಸಂಸದರು, ಮಂತ್ರಿಗಳು ಸದನದಲ್ಲಿ ಆಡಿದ ಮಾತನ್ನೂ ಹೊಲದ ಬದುವಿನಲ್ಲಿ ಆಡಿದ ಮಾತನ್ನೂ ತಾರೀಖು ಹಾಕಿ ಒಂದೇ ಪುಸ್ತಕದಲ್ಲಿ ಬರೆದಿಡಿ. ಪಕ್ಷ ನೋಡಬೇಡಿ. ಮುಂದಿನ ಚುನಾವಣೆಗೆ ಅವರು ನಿಮ್ಮ ಊರಿಗೆ ಬಂದಾಗ ಆ ಪುಸ್ತಕವನ್ನು ವೇದಿಕೆಯ ಮೇಲೆ ಓದಿ, ಉತ್ತರ ಕೇಳಿ.